ಭಾವನಿಗೆ ಬಾರದ ಭಾಷೆ

ಮಹಡಿಯ ಮೇಲಿನ ಕೋಣೆ,
ಜೂನ್ ೨೦, ಶನಿವಾರ

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಎಂಜಿನ್ ರೂಮಿನಲ್ಲಿ ಸುಟ್ಟುಕೊಂಡ ಮಣಿಕಟ್ಟಿನ ಗಾಯ ಒಣಗಿತೇ? ಒಣಗಿದ ಮೇಲೂ ಮುಲಾಮು ಬಿಡಬೇಡಿ. ನೀವು ಅರ್ಧ ವಾಸಿಯಾದರೆ ಪೂರ್ತಿ ವಾಸಿಯಾಯಿತು ಅನ್ನುವ ಪೈಕಿ. ಹಡಗು ಮುಂದಿನ ಬಂದರಿಗೆ ಬರುವಷ್ಟರಲ್ಲಿ ಈ ಕಾಗದ ಅಲ್ಲಿ ಕಾಯುತ್ತಿರಲಿ ಎಂದು ಇವತ್ತೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಎರಡು ಮಾತಿಗೊಮ್ಮೆ "ಸರಿ ಬಿಡು" ಅನ್ನುತ್ತೀರಿ. ಕಾಗದಕ್ಕೆ ಹಾಗೆ ಅನ್ನಲು ಬರುವುದಿಲ್ಲ.

ಎಲ್ಲರೂ ಆರೋಗ್ಯ. ಅಕ್ಕ ಈ ವಾರ ಎಷ್ಟು ನಕ್ಕಿದ್ದಾರೆಂದರೆ ಪಕ್ಕೆ ಹಿಡಿದುಕೊಂಡಿದೆಯಂತೆ. ಅವರ ಯಜಮಾನರು, ನಿಮ್ಮಣ್ಣ, ನಮ್ಮ ಭಾವ ಮಾತ್ರ ಮಾತು ಬಿಟ್ಟಿದ್ದಾರೆ. ಯಾಕೆ ಎನ್ನುವುದೇ ಈ ಕಾಗದದ ಸಮಾಚಾರ.

ಎರಡು ವರ್ಷದ ಹಿಂದೆ ಕೆಳಗಿನ ಹಾಲ್‌ನಲ್ಲಿ ಭಾವ ಜಾವಾ ಕಲಿಸುವ ಕಂಪ್ಯೂಟರ್ ತರಗತಿಯ ಬಾಗಿಲಲ್ಲಿ ನಿಂತು ಕೇಳಿದ್ದೆ: "ಭಾವ, ನಾನೂ ಪ್ರೋಗ್ರಾಮಿಂಗ್ ಕಲೀಬೇಕು ಅಂತಿದ್ದೀನಿ. ಮೊದಲು ಯಾವ ಭಾಷೆ ಕಲಿತರೆ ಒಳ್ಳೇದು?" ಗಣಿತದಲ್ಲಿ ಡಿಗ್ರಿ ಮಾಡಿದವಳು, ಕೇಳಬಾರದ್ದನ್ನೇನೂ ಕೇಳಿರಲಿಲ್ಲ. ಅವರು ತುಂಬಿದ ತರಗತಿಯ ಕಡೆ ತಿರುಗಿ, "ಕೇಳಿದ್ರೇನ್ರೋ? ನಮ್ಮನೆ ಒಲೆಗೂ ಈಗ ಜಾವಾ ಬೇಕಂತೆ!" ಅಂದರು. ಹಾಲ್ ಹಾಲೇ ಗೊಳ್ ಎಂದು ನಕ್ಕಿತು. ನಾನು ಮೆಟ್ಟಿಲು ಹತ್ತಿ ಬಂದು, ಬಾಗಿಲು ಹಾಕಿಕೊಂಡು, ಅಳಲಿಲ್ಲ. ಹಲ್ಲು ಕಚ್ಚಿ ಕೂತೆ. ಇದನ್ನು ಬಡ್ಡಿ ಸಮೇತ ತೀರಿಸದಿದ್ದರೆ ನಾನು ನಾನಲ್ಲ ಅಂದುಕೊಂಡೆ.

ಹೊಲಿಗೆ ಕಲಿಯುತ್ತೇನೆಂದು ಹೇಳಿ ಸಂಜೆ ಕಾಲೇಜಿಗೆ ಸೇರಿದೆ. ಅಕ್ಕನಿಗೆ ಮಾತ್ರ ನಿಜ ಗೊತ್ತಿತ್ತು. ಯಾರಾದರೂ ಕೇಳಿದರೆ ತೋರಿಸಲು ತಮ್ಮ ಹಳೆಯ ಕುಪ್ಪಸವೊಂದರ ಹೊಲಿಗೆ ಬಿಚ್ಚಿ ನನ್ನ ಚೀಲಕ್ಕೆ ತುರುಕಿದವರೂ ಅವರೇ. ಅಲ್ಲಿ ದಪ್ಪ ಕನ್ನಡಕದ ಮೇಡಂ ಒಬ್ಬರು ಮೊದಲ ದಿನವೇ ಪ್ರತಿಯೊಬ್ಬರನ್ನೂ ಎಬ್ಬಿಸಿ, ಯಾವ ಭಾಷೆ ಕಲಿಯುತ್ತೀರಿ, ಯಾಕೆ ಎಂದು ಕೇಳಿದರು. ಪೈಥಾನ್, ಸುಲಭವಂತೆ ಎಂದನೊಬ್ಬ. ಸಿ ಬಂದರೆ ಬುಡ ಗಟ್ಟಿಯಾಗುತ್ತದೆ ಎಂದಳೊಬ್ಬಳು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ಬಂದೇಬಿಟ್ಟಿತು: "ನಮ್ಮ ಭಾವನಿಗೆ ಬಾರದ ಭಾಷೆ ಯಾವುದೋ ಅದು, ಮೇಡಂ."

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ತರಗತಿ ಬಿಟ್ಟ ಮೇಲೆ ಕರೆದು, "ಸಿಟ್ಟಿದ್ರೆ ಇರಲಿ, ಓದೋವಾಗ ನಿದ್ದೆ ಬರಲ್ಲ. ಆದ್ರೆ ಭಾಷೆನ ಸಿಟ್ಟು ನೋಡಿ ಆರಿಸ್ಬೇಡ. ಏನು ಮಾಡ್ಬೇಕು ಅಂತಿದೀಯಾ, ಅದನ್ನ ಮೊದಲು ಹೇಳು. ಯಾವ ಭಾಷೆ ಅಂತ ಆ ಕೆಲಸಾನೇ ಹೇಳುತ್ತೆ" ಅಂದರು. ಭಾವನ ಮುಖ ಇಷ್ಟು ಚಿಕ್ಕದಾಗಬೇಕು ಎನ್ನುವುದು ಒಂದು ಕೆಲಸವೇ?

ಉತ್ತರ ಕೆಳಗಿನಿಂದಲೇ ಬಂತು. ನಮ್ಮ ಕೋಣೆಗೆ ಹಾಲ್‌ನ ಸದ್ದೆಲ್ಲ ಕೇಳುತ್ತದಲ್ಲ. ಹುಡುಗರ ಪ್ರೋಗ್ರಾಂ ಕೆಟ್ಟು ಪರದೆಯ ಮೇಲೆ ಕೆಂಪಕ್ಷರ ಮೂಡಿದಾಗಲೆಲ್ಲ ಭಾವ "ತಲೇಲಿ ಏನಿದೆಯೋ ನಿಂಗೆ?" ಎಂದು ಗದರುತ್ತಾರೆ. ಆ ಕೆಂಪಕ್ಷರದ ಅರ್ಥವನ್ನು ಮಾತ್ರ ಯಾವತ್ತೂ ಹೇಳುವುದಿಲ್ಲ. ಕೇಳುತ್ತಾ ಕೇಳುತ್ತಾ ನನಗೆ ತಿಳಿಯಿತು, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಹಾಗಾದರೆ ಅದನ್ನು ಆಡುಮಾತಿನಲ್ಲಿ ಬಿಡಿಸಿ ಹೇಳುವ ಪುಟವೊಂದನ್ನು ಮಾಡಿದರೆ? ಹುಡುಗರು ಫೋನಿನಲ್ಲೇ, ಮೇಜಿನ ಕೆಳಗೇ ತೆರೆಯುವಂತಿರಬೇಕು, ಬೇರೇನನ್ನೂ ಇಳಿಸಿಕೊಳ್ಳುವ ಗೋಜಿರಬಾರದು. ಓಡಿ ಹೋಗಿ ಮೇಡಂಗೆ ಹೇಳಿದೆ. "ಹಾಗಾದ್ರೆ ಜಾವಾಸ್ಕ್ರಿಪ್ಟ್ ಕಲಿ. ಹೆಸರು ಮಾತ್ರ ನಿಮ್ಮ ಭಾವನ ಜಾವಾದ ಹಾಗಿದೆ, ಎರಡೂ ಬೇರೆ ಬೇರೆ" ಅಂದರು. ಭಾವನಿಗೆ ಅದು ಬರುವುದೂ ಇಲ್ಲ! ಆ ಖುಷಿಯನ್ನು ಮೇಡಂಗೆ ಹೇಳಲಿಲ್ಲ.

ಮಾಡಿದೆ. ಕಣ್ಣು ಉರಿದರೂ ಬಿಡಲಿಲ್ಲ. ಕೆಂಪಕ್ಷರವನ್ನು ನನ್ನ ಪುಟದಲ್ಲಿ ಅಂಟಿಸಿದರೆ ಸಾಕು, "ಉತ್ತರ ಕೊಡ್ತೀನಿ ಅಂತ ಮೊದಲೇ ಮಾತು ಕೊಟ್ಟು ಕೊನೇಲಿ ಕೈಯೆತ್ತಿಬಿಟ್ಟಿದೀಯ, ರಿಟರ್ನ್ ಅನ್ನೋ ಸಾಲು ಬರಿ ಮಾರಾಯ" ಎಂದು ಹೇಳುತ್ತದೆ. ಹೆಸರು ಹಾಕಲಿಲ್ಲ. ಸಂಜೆ ಕಾಲೇಜಿನಿಂದ ಅದು ಭಾವನ ಹುಡುಗರ ಫೋನಿಗೆ ಬಂತು. ಅಲ್ಲಿಂದ ಭಾವನ ಫೋನಿಗೂ ಬಂತು ಎಂದು ತಿಳಿದಾಗ ನಾನು ದಿಂಬಿಗೆ ಮುಖ ಒತ್ತಿ ನಕ್ಕೆ. ಮೊದಲು ಕದ್ದು ನೋಡಿಕೊಂಡು ಪಾಠ ಮಾಡಿದರು, ಆಮೇಲೆ ಬಹಿರಂಗವಾಗಿಯೇ ಹೊಗಳಿದರು. "ಇದನ್ನ ಮಾಡಿದವನ ತಲೆ ನೋಡ್ರೋ!" ಎಂದು ಕೂಗಿದ್ದು ನನಗೆ ಮೇಲಕ್ಕೆ ಕೇಳಿಸಿತು. ಕೊನೆಗೆ ಪುಟದಲ್ಲಿದ್ದ ಇಮೇಲ್ ವಿಳಾಸಕ್ಕೆ ಪತ್ರವನ್ನೇ ಬರೆದರು: ತಾವು ದಯಮಾಡಿಸಿ ನಮ್ಮ ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳಬೇಕು. ಭಾನುವಾರ ಬರುತ್ತೇನೆ ಎಂದು ಉತ್ತರಿಸಿದೆ.

ಹೋದ ಭಾನುವಾರ ಹಾಲ್ ತೊಳೆಸಿದರು. ಲೋಟಗಳನ್ನು ನನ್ನಿಂದಲೇ ಬೆಳಗಿಸಿ, "ದೊಡ್ಡವರು ಬರ್ತಿದ್ದಾರಮ್ಮ, ಕರೆಯೋವರೆಗೂ ಮೇಲೇ ಇರು" ಅಂದರು. ನಾನು ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಹೇಳಿದ ಹೊತ್ತಿಗೆ ಕೆಳಗಿಳಿದೆ.

"ಈಗ್ಲೇ ಟೀ ಬೇಡಮ್ಮ, ಅವರು ಬರಲಿ" ಅಂದರು ಭಾವ.

"ಬಂದಿದ್ದಾರೆ, ಭಾವ" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನೇ ಮುಂದೆ ಹೋಗಿ, ಅತಿಥಿಗೆಂದು ಬಟ್ಟೆ ಹಾಸಿದ್ದ ಕುರ್ಚಿಯ ಮುಂದಿನ ಕಂಪ್ಯೂಟರ್‌ನಲ್ಲಿ ನನ್ನ ಪುಟದ ಒಳಗಿನ ಪ್ರೋಗ್ರಾಂ ತೆರೆದು, ಒಂದು ಸಾಲು ಸೇರಿಸಿ, ಎಲ್ಲರೂ ನಿಮ್ಮ ನಿಮ್ಮ ಫೋನಿನಲ್ಲಿ ಪುಟ ತೆರೆದು ನೋಡಿ ಅಂದೆ. ಎಲ್ಲ ಫೋನಿನಲ್ಲೂ ಮೂಡಿತು: "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಗುರುಗಳೇ. ಬೈಯಬೇಡಿ."

ಹಾಲ್ ಹಾಲೇ ನಕ್ಕಿತು. ಈ ಸಲ ಬಾಗಿಲ ಕಡೆ ನೋಡಿ ಅಲ್ಲ, ಭಾವನ ಕಡೆ ನೋಡಿ. ಅತಿಥಿಗೆಂದು ತಂದಿದ್ದ ಹೂಗುಚ್ಛ ಅವರ ಕೈಯಲ್ಲೇ ಇತ್ತು. ಪಾಪ ಅನ್ನಿಸಬೇಕಿತ್ತೇನೋ. ಸುಳ್ಳು ಯಾಕೆ ಬರೆಯಲಿ, ಅನ್ನಿಸಲಿಲ್ಲ. ಆ ಹೂಗುಚ್ಛವನ್ನು ನಾನೇ ಕೈಚಾಚಿ ಇಸಿದುಕೊಂಡೆ. ಹುಡುಗಿಯೊಬ್ಬಳು ಎದ್ದು, "ಮೇಡಂ, ನಾವು ಮೊದಲು ಯಾವ ಭಾಷೆ ಕಲಿಯೋದು?" ಎಂದು ಕೇಳಿದಳು. ಯಾರ ಮೇಲೆ ಸಿಟ್ಟಿದೆಯಮ್ಮ ಎಂದು ಕೇಳಬೇಕೆನಿಸಿತು. ತಡೆದುಕೊಂಡು, ಏನು ಮಾಡಬೇಕು ಅಂತಿದೀಯಾ ಅಂತಲೇ ಕೇಳಿದೆ. ಅವಳು ಹೇಳತೊಡಗಿದಳು. ಭಾವ ಹಿಂದಿನ ಬಾಗಿಲಿಂದ ಹೊರಟುಹೋದರು.

ಎದುರು ಬೀದಿಯ ಬೀಗ ರಿಪೇರಿ ಅಂಗಡಿಯ ಮೇಲೆ ಕೋಣೆ ಹಿಡಿದಿದ್ದೇನೆ. ಸೋಮವಾರದಿಂದ ಅಲ್ಲಿ ನನ್ನ ತರಗತಿ. ಅರ್ಧ ಹಾಲ್ ಹೆಸರು ಬರೆಸಿದೆ, ಅಕ್ಕ ಮೊದಲನೆಯವರು. ನನ್ನ ಕಿಟಕಿ ಭಾವನ ಕಿಟಕಿಗೆ ಸರಿಯಾಗಿ ಎದುರು. ಪರದೆ ಹಾಕುವ ಉದ್ದೇಶವಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳಿ.

ನಿಮ್ಮವಳು

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿಮ್ಮ ಹಡಗು ದಡ ಸೇರುವುದನ್ನೇ ಭಾವ ಕಾಯುತ್ತಿದ್ದಾರೆ. ನಾನು ಕ್ಷಮೆ ಕೇಳುವಂತೆ ಮಾಡಲು ನಿಮಗೆ ಹೇಳುತ್ತಾರೆ. ಅದಕ್ಕೆ ಮೊದಲು ನಿಮಗೊಂದು ವಿಷಯ ಗೊತ್ತಿರಲಿ. ಎರಡು ವರ್ಷದ ಹಿಂದೆ ಆ ಹಾಲ್‌ನಲ್ಲಿ ಎಲ್ಲರೂ ನಕ್ಕಾಗ ಭಾವನ ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟಿದ್ದ ಫೋನಿನ ಆ ತುದಿಯಲ್ಲಿ ನೀವಿದ್ದಿರಿ. ಅಷ್ಟು ಜನರ ನಡುವೆ ನಿಮ್ಮ ನಗು ನನಗೆ ಬೇರೆಯಾಗಿ ಕೇಳಿಸಿತ್ತು. ಇವತ್ತಿನವರೆಗೆ ಹೇಳಿರಲಿಲ್ಲ. ಭಾವನಿಗೆ ನೀವು ಏನು ಉತ್ತರ ಕೊಟ್ಟಿರಿ ಎಂದು ತಿಳಿದ ಮೇಲೆ, ರಜೆಗೆ ಬಂದಾಗ ನೀವು ಯಾವ ಬಾಗಿಲು ತಟ್ಟಬೇಕೆಂದು ಹೇಳುತ್ತೇನೆ.