ಅತ್ತಿಗೆ, ನಾನು, ಉಬ್ಬರ

ಮಾರ್ಚ್ ೧೨, ಬುಧವಾರ. ಸಂಜೆ

ಮಾತ್ರೆ ಆಯಿತು. ನೀರೂ ಆಯಿತು, ದೊಡ್ಡ ಲೋಟದ ತುಂಬ.

ಅಂಗಡಿಯಲ್ಲಿ ಇಡೀ ದಿನ ಲೆನ್ಸ್ ಉಜ್ಜುವ ಕೆಲಸ. ಮೆಷಿನ್ನಿನ ನೀರು ಮತ್ತೆ ಸೋರುತ್ತಿದೆ. ಅಡಿಯಲ್ಲಿ ಬಕೆಟ್ ಇಟ್ಟುಕೊಂಡು ಕೂತೆ. ಮಧ್ಯಾಹ್ನ ಒಬ್ಬರು ಮೇಷ್ಟ್ರು ಬಂದರು, ಕನ್ನಡಕದ ಮೇಲೆಯೇ ಕೂತುಬಿಟ್ಟಿದ್ದರಂತೆ. ಕಡ್ಡಿ ನೆಟ್ಟಗೆ ಮಾಡಿ, ಸ್ಕ್ರೂ ಬಿಗಿದು ಕೊಟ್ಟೆ. ಹಾಕಿಕೊಂಡು ಕನ್ನಡಿ ನೋಡಿದರು. "ಕೂತಿದ್ದೇ ಒಳ್ಳೇದಾಯ್ತು. ಮೊದಲಿಗಿಂತ ಚೆನ್ನಾಗಿ ಕೂತಿದೆ" ಎಂದರು. ಯಜಮಾನರೂ ನಕ್ಕರು. ಅಪರೂಪ.

ಮನೆಗೆ ಬಂದರೆ ಅತ್ತಿಗೆ ಹಾಲ್‌ನ ಕಿಟಕಿಗೆ ಹೊಸ ಪರದೆ ಹಾಕುತ್ತಿದ್ದರು. ಕಣ್ಣಿಗೆ ಹೊಡೆಯುವ ಹಳದಿ.

"ಹೇಗಿದೆಯೋ ಸಣ್ಣ?"

"ಚೆನ್ನಾಗಿದೆ ಅತ್ತಿಗೆ."

ಒಂದು ಗಳಿಗೆ ನನ್ನನ್ನೇ ನೋಡಿ, ಸ್ಟೂಲಿನಿಂದ ಇಳಿದು ಒಳಗೆ ಹೋದರು. ಮುಖ ಯಾಕೋ ಸಪ್ಪಗಿತ್ತು.

ಮಾರ್ಚ್ ೧೪, ಶುಕ್ರವಾರ

ವರ್ಷದ ಚೆಕಪ್. ಡಾಕ್ಟರಮ್ಮ ರಿಪೋರ್ಟು ನೋಡಿ, "ಇದು ನಿಮ್ಮದೇ ಕಿಡ್ನಿ ಅಂತ ದೇಹ ಒಪ್ಕೊಂಡುಬಿಟ್ಟಿದೆ" ಎಂದರು. ದೇಹ ಒಪ್ಪಿಕೊಂಡಿದೆ. ನಾನು ಇನ್ನೂ ಇಲ್ಲ.

ಅದು ಅತ್ತಿಗೆಯದು. ನನಗೆ ಅಣ್ಣನದೇ ಸಿಗಬೇಕಿತ್ತು, ಅವನಿಗೆ ಸಕ್ಕರೆ ಕಾಯಿಲೆ. ಡಾಕ್ಟರಮ್ಮ ಆಗುವುದಿಲ್ಲ ಎಂದ ದಿನ ಅಣ್ಣ ಬಸ್ ಡಿಪೋದ ಯೂನಿಫಾರ್ಮಿನಲ್ಲೇ ಕಾರಿಡಾರಿನಲ್ಲಿ ಅತ್ತ. ಅತ್ತಿಗೆ ಬ್ಯಾಗಿನಿಂದ ಕಿತ್ತಳೆ ತೆಗೆದು ಸುಲಿಯುತ್ತ, "ನನ್ನ ಹತ್ರ ಎರಡಿದೆ, ಒಂದು ಸುಮ್ನೆ ಕೂತಿದೆ. ಚೆಕ್ ಮಾಡಿ" ಎಂದರು. ಅಷ್ಟೇ. ಸೊಪ್ಪಿನವನ ಹತ್ತಿರ ಮಾತಾಡಿದ ಹಾಗೆ. ರಕ್ತಸಂಬಂಧವೂ ಅಲ್ಲ... ಆದರೂ ಹೊಂದಿಕೊಂಡಿತು.

ಅದಕ್ಕೂ ಮುಂಚೆ ನಾಲ್ಕು ವರ್ಷ ಡಯಾಲಿಸಿಸ್. ಮದುವೆಯ ಮಾತು ಆ ಮೆಷಿನ್ನಿನ ಮುಂದೆ ತಾನಾಗಿಯೇ ನಿಂತುಹೋಯಿತು. ನೀರು ಅಳೆದು ಕುಡಿಯಬೇಕಿತ್ತು. ಬೇಸಿಗೆಯಲ್ಲಿ ಐಸ್ ಚೂರು ಬಾಯಲ್ಲಿಟ್ಟುಕೊಂಡು, ಅದು ಕರಗದಿರಲಿ ಎಂದು ನಾಲಿಗೆ ಅಲ್ಲಾಡಿಸದೆ ಕೂರುತ್ತಿದ್ದೆ.

ನಾನು ದೂರ ನಡೆಯಬಹುದಾ ಎಂದು ಇವತ್ತು ಅತ್ತಿಗೆ ಡಾಕ್ಟರಮ್ಮನನ್ನು ಕೇಳಿದರು. "ಎಷ್ಟು ಬೇಕಾದ್ರೂ ನಡೀಲಿ. ಟೋಪಿ, ನೀರು, ಮಾತ್ರೆ ಮರೀಬಾರ್ದು. ಗಾಯ ಆದ್ರೆ, ಜ್ವರ ಬಂದ್ರೆ ತಕ್ಷಣ ಫೋನ್ ಮಾಡಿ." ಮೆಟ್ಟಿಲಿಳಿಯುವಾಗಲೇ ಅತ್ತಿಗೆಯ ಪ್ಲಾನ್ ರೆಡಿ. ಭಾನುವಾರ ಲೈಟ್‌ಹೌಸಿನಿಂದ ಹಳೇ ಬಂದರಿನವರೆಗೆ, ಕಡಲಂಚಿನ ಬಂಡೆಗಳ ಮೇಲೆ ಇಡೀ ದಿನದ ನಡಿಗೆ. ಅಣ್ಣನಿಗೆ ಮಂಡಿನೋವು. ಅವನು ಕಾರು ತಂದು ಆ ತುದಿಯಲ್ಲಿ ಕಾಯುವುದು.

"ಏನಂತೀಯ?"

"ನೀವು ಹೇಗಂದ್ರೆ ಹಾಗೆ ಅತ್ತಿಗೆ."

ಮಾರ್ಚ್ ೧೬, ಭಾನುವಾರ. ಬೆಳಿಗ್ಗೆ

ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ, ನೀರಿನ ಬಾಟಲಿಗಳು. ಅತ್ತಿಗೆ ಅಣ್ಣನ ಹಳೇ ಕ್ಯಾನ್ವಾಸ್ ಶೂ ಹಾಕಿದ್ದಾರೆ, ಮುಂದೆ ಬಟ್ಟೆ ತುರುಕಿಕೊಂಡು. ಬಾತುಕೋಳಿಯ ಹಾಗೆ ಕಾಣುತ್ತಾರೆ. ಹೇಳಲಿಲ್ಲ. ಮೊದಲಾಗಿದ್ದರೆ ಹೇಳುತ್ತಿದ್ದೆ. ಅಣ್ಣ ಹಾರ್ನ್ ಹೊಡೆಯುತ್ತಿದ್ದಾನೆ.

ಅದೇ ದಿನ, ಸಂಜೆ

ಕೈಗೆ ಬ್ಯಾಂಡೇಜ್. ಆದರೂ ಬರೆಯಬೇಕು.

ಲೈಟ್‌ಹೌಸಿನ ಕೆಳಗೆ ಅಣ್ಣ ನಮ್ಮನ್ನು ಇಳಿಸಿದಾಗ ಇಬ್ಬನಿ ಇನ್ನೂ ಆರಿರಲಿಲ್ಲ. ಮೊಣಕಾಲೆತ್ತರದ ಹುಲ್ಲು, ನಡುವೆ ಒಬ್ಬರೇ ನಡೆಯುವಷ್ಟು ದಾರಿ. ಎಡಗಡೆ ಭೂಮಿ ತಟ್ಟನೆ ಮುಗಿದುಹೋಗುತ್ತದೆ. ಕೆಳಗೆ ಸಮುದ್ರ. ಮೇಲಿನಿಂದ ಅಲೆಗೆ ಸದ್ದೇ ಇಲ್ಲ. ಬಿಳಿ ಗೆರೆ ಮೂಡುತ್ತದೆ, ಅಳಿಸುತ್ತದೆ, ಆಮೇಲೆ ಯಾವಾಗಲೋ ಸದ್ದು ಮೇಲಕ್ಕೆ ಹತ್ತಿ ಬರುತ್ತದೆ. ಹಕ್ಕಿಗಳು ನಮ್ಮ ಕಾಲಿನ ಕೆಳಗೆ ಹಾರುತ್ತಿದ್ದವು. ಹಕ್ಕಿಯ ಬೆನ್ನು ನೋಡಿದ್ದು ಇದೇ ಮೊದಲು.

ಅತ್ತಿಗೆ ಅಂಚಿನ ಕಡೆ ನೋಡಲೇ ಇಲ್ಲ. ನನ್ನ ಬಲಗಡೆಯೇ, ಹುಲ್ಲು ತುಳಿದುಕೊಂಡು ಬಂದರು. ಎತ್ತರ ಕಂಡರೆ ಅವರಿಗೆ ಇಷ್ಟೊಂದು ಭಯ ಎಂದು ನನಗೆ ಗೊತ್ತೇ ಇರಲಿಲ್ಲ. ಮತ್ತೆ ಈ ದಾರಿಯನ್ನೇ ಯಾಕೆ ಆರಿಸಿದರು ಎಂದು ಕೇಳಿದೆ.

"ಆಸ್ಪತ್ರೆ ಕಿಟಕಿಯಿಂದ ಲೈಟ್‌ಹೌಸ್ ಕಾಣ್ತಿತ್ತಲ್ಲ. ಆಪರೇಶನ್ ಆದ್ಮೇಲೆ ಅದನ್ನೇ ನೋಡ್ತಾ ಮಲಗಿದ್ದೆ. ಇವನು ಎದ್ದು ಓಡಾಡೋ ಹಾಗಾದ್ರೆ ಅಲ್ಲೀವರೆಗೂ ಕರ್ಕೊಂಡು ಹೋಗ್ಬೇಕು ಅಂದ್ಕೊಂಡೆ. ಇಷ್ಟು ಎತ್ತರದಲ್ಲಿದೆ ಅಂತ ಯಾರಿಗೆ ಗೊತ್ತಿತ್ತು?"

ನೀರು ಕುಡಿದೆ. ಬಾಟಲಿ ಎತ್ತಿ ಗಟಗಟ ಅಂತ, ಗಲ್ಲದ ಮೇಲೆಲ್ಲ ಸುರಿಯುವ ಹಾಗೆ. ಎಷ್ಟು ಸಾಕೋ ಅಷ್ಟಲ್ಲ—ಎಷ್ಟು ಬೇಕೋ ಅಷ್ಟು. ಬಿಸಿಲು, ಉಪ್ಪುಗಾಳಿ, ಕಾಲಿನಲ್ಲಿ ಹಿತವಾದ ನೋವು. ಇಂಥ ದಿನ ನನಗೆ ಇರಲಿಲ್ಲ. ಈಗ ಇದೆ.

ಮೊದಲನೇ ಬೀಚಿಗೆ ಇಳಿದೆವು. ಮರಳು ಗಟ್ಟಿ, ಹೆಜ್ಜೆ ಅಚ್ಚೊತ್ತಿದ ಹಾಗೆ ಮೂಡುತ್ತಿತ್ತು. ಮೊಟ್ಟೆ ತಿಂದೆವು. ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ, ಬೋರ್ಡಿದೆ: ಉಬ್ಬರದ ಹೊತ್ತಿನಲ್ಲಿ ಕೆಳಗಿನ ದಾರಿ ಬೇಡ, ಮೇಲಿನ ರಸ್ತೆಯಲ್ಲಿ ಹೋಗಿ. ಪಕ್ಕದಲ್ಲೇ ಆ ದಿನದ ಉಬ್ಬರದ ವೇಳೆ ಸೀಮೆಸುಣ್ಣದಲ್ಲಿ ಬರೆದಿತ್ತು. ಓದಿದೆ. ತುಂಬಾ ಸಮಯವೇನೂ ಇರಲಿಲ್ಲ.

"ಇಷ್ಟು ದೂರ ಬಂದು ಟಾರ್ ರೋಡಲ್ಲಿ ನಡೆಯೋದಾ? ಕೆಳಗೇ ಹೋಗೋಣ. ಏನಂತೀಯ?"

ಬೇಡ ಎನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು.

"ನೀವು ಹೇಗಂದ್ರೆ ಹಾಗೆ."

ಎರಡನೇ ಬೀಚು ಪುಟ್ಟದು. ಎರಡೂ ತುದಿಯಲ್ಲಿ ಬಂಡೆ ಮೂಗಿನ ಹಾಗೆ ಸಮುದ್ರಕ್ಕೆ ಚಾಚಿದೆ, ಹಿಂದೆ ಗೋಡೆಯಂಥ ಕಡಿದಾದ ಗುಡ್ಡ. ನಾವಿಬ್ಬರೇ. ಅರ್ಧ ದಾರಿಗೆ ಅತ್ತಿಗೆ ನಿಂತುಬಿಟ್ಟರು.

"ಆ ಪರದೆ ಚೆನ್ನಾಗಿದೆಯೇನೋ? ನಿಜ ಹೇಳು."

"ಚೆನ್ನಾಗಿದೆ."

"ಬೇಕಂತಲೇ ದರಿದ್ರ ಬಣ್ಣ ತಂದೆ. ನೀನು ಬೈತೀಯ ಅಂತ. ಒಂದು ವರ್ಷದಿಂದ ನೋಡ್ತಿದ್ದೀನಿ, ನಾನು ಬಂದ್ರೆ ಎದ್ದು ನಿಲ್ತೀಯ. ಉಪ್ಪಿಲ್ಲದ ಸಾರು ಹಾಕಿದ್ರೂ ಚೆನ್ನಾಗಿದೆ ಅಂತೀಯ. ಇಸ್ಪೀಟಲ್ಲಿ ಬೇಕಂತ ಸೋಲ್ತೀಯ. ಮದುವೆಯಾಗಿ ಬಂದಾಗ ಆ ಮನೇಲಿ ನನ್ನ ಜೊತೆ ಜಗಳ ಆಡೋಕೆ ಅಂತ ಇದ್ದವನು ನೀನೊಬ್ಬನೇ. ನಿನ್ನಣ್ಣನ ಹತ್ರ ಜಗಳ ಆಡಿದ್ರೆ ನಿದ್ದೆ ಹೋಗ್ತಾರೆ. ಒಂದು ಕಿಡ್ನಿ ಕೊಟ್ಟೆ, ಹೋಗ್ಲಿ. ಅದರ ಜೊತೆ ನೀನೂ ಹೋಗ್ಬೇಕಾ?"

"ನಿಮ್ಮ ಎದುರು ಹೇಗೆ ಮಾತಾಡ್ಲಿ ಅತ್ತಿಗೆ? ಒಂದು ಥ್ಯಾಂಕ್ಸ್ ಹೇಳೋಕೂ ಬರ್ಲಿಲ್ಲ ನನಗೆ."

"ಹಾಗಾದ್ರೆ ಈಗ ಹೇಳು. ಮುಗಿಸ್ಬಿಡು."

"ಥ್ಯಾಂಕ್ಸ್."

ಅಂಗಡಿಯಲ್ಲಿ ಗಿರಾಕಿಗೆ ಹೇಳಿದ ಹಾಗಿತ್ತು. ಇಬ್ಬರಿಗೂ ಗೊತ್ತಾಯಿತು. ಮತ್ತೆ ಹೇಳಿದೆ, "ನೀರು ಕುಡಿದಾಗಲೆಲ್ಲ ನಿಮ್ಮ ನೆನಪಾಗುತ್ತೆ."

"ಅದಕ್ಕೇ ನನಗೆ ದಿನವಿಡೀ ಬಿಕ್ಕಳಿಕೆ."

ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಗಲೇ ಅಲೆಯೊಂದು ಬಂದು ನಮ್ಮ ಶೂ ಒದ್ದೆ ಮಾಡಿತು.

ತಿರುಗಿ ನೋಡಿದರೆ ಬಂದ ದಾರಿಯ ಬಂಡೆಯ ಬುಡದಲ್ಲಿ ನೀರು. ಮುಂದಿನ ಬಂಡೆಯ ಬುಡದಲ್ಲೂ ನೀರು. ಮಾತಾಡುತ್ತ ಎಷ್ಟು ಹೊತ್ತು ನಿಂತಿದ್ದೆವೋ. ಅತ್ತಿಗೆ ಸೀರೆ ಎತ್ತಿ ಕಟ್ಟಿದರು. "ಮೊಣಕಾಲು ಮಟ್ಟ ಅಷ್ಟೇ. ಬೇಗ ದಾಟಿಬಿಡೋಣ."

ಮೂಗಿನ ಬಂಡೆಗೆ ಅಲೆ ಅಪ್ಪಳಿಸಿ ನೊರೆ ನನ್ನ ತಲೆಗಿಂತ ಮೇಲೆ ಹಾರಿತು.

"ಬೇಡ."

"ಏನಂದೆ?"

"ಬೇಡ ಅಂದೆ. ಕೊಚ್ಕೊಂಡು ಹೋಗುತ್ತೆ. ಹಿಂದೆ ಆ ಕೊರಕಲು ಕಾಣ್ತಿದೆಯಲ್ಲ, ಅಲ್ಲಿಂದ ಹತ್ತೋಣ."

ಅತ್ತಿಗೆ ತಲೆಯೆತ್ತಿ ನೋಡಿದರು. ಕಡಿದಾದ ಸಂದು, ಸಡಿಲ ಕಲ್ಲು, ಅಲ್ಲಲ್ಲಿ ಹುಲ್ಲಿನ ಕುಚ್ಚು. ಮುಖದ ಬಣ್ಣ ಇಳಿದುಹೋಯಿತು. "ನಾನು ಹತ್ತಲ್ಲ. ಸತ್ರೂ ಹತ್ತಲ್ಲ. ನೀರಲ್ಲೇ ಹೋಗೋಣ."

"ಅತ್ತಿಗೆ, ಜೀವಮಾನದಲ್ಲಿ ಒಂದ್ಸಲ ನಾನು ಹೇಳಿದ್ದು ಕೇಳಿ!"

ನನ್ನ ದನಿ ನನಗೇ ಹೊಸದು. ಗುಡ್ಡಕ್ಕೆ ಬಡಿದು ವಾಪಸ್ ಬಂತು.

ಅವರನ್ನು ಮುಂದೆ ಬಿಟ್ಟು ನಾನು ಹಿಂದೆ ಹತ್ತಿದೆ. ಅವರ ಕಾಲು ಹಿಡಿದು ಒಂದೊಂದು ಕಲ್ಲಿನ ಮೇಲೆ ನಾನೇ ಇಟ್ಟೆ. ಒಂದು ಕಲ್ಲು ಜಾರಿತು, ಹಿಡಿದುಕೊಳ್ಳುವಾಗ ನನ್ನ ಅಂಗೈ ಸೀಳಿತು. ಆಗ ಗೊತ್ತಾಗಲಿಲ್ಲ. ಅರ್ಧದಲ್ಲಿ ಅತ್ತಿಗೆ ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ಕಣ್ಣು ಮುಚ್ಚಿಬಿಟ್ಟರು.

"ಎಡಗಾಲು ಎತ್ತಿ."

"ಆಗಲ್ಲ."

"ಎತ್ತಿ ಅಂದ್ರೆ ಎತ್ತಿ!"

"ಕಿಡ್ನಿ ಕೊಟ್ಟವಳ ಮೇಲೆ ಕಿರುಚ್ತೀಯಾ?"

"ಕಿರುಚ್ತೀನಿ. ಆ ಪರದೆ ದರಿದ್ರವಾಗಿದೆ. ನಿಮ್ಮ ಶೂ ಬಾತುಕೋಳಿ ಥರ ಇದೆ. ಎಡಗಾಲು!"

ಎತ್ತಿದರು. ಸಿಟ್ಟಿನಿಂದಲೇ ಎತ್ತಿದರು. ಅಲ್ಲಿಂದ ಮೇಲಿನವರೆಗೂ ನನ್ನ ವಂಶವನ್ನೆಲ್ಲ ಬೈಯುತ್ತ ಹತ್ತಿದರು. ಆ ವಂಶದಲ್ಲಿ ಅವರ ಗಂಡನೂ ಇದ್ದಾನೆ ಎಂದು ನೆನಪಿಸಿದೆ, ಅದಕ್ಕೂ ಬೈದರು.

ಮೇಲೆ ಹುಲ್ಲಿನಲ್ಲಿ ಇಬ್ಬರೂ ಅಂಗಾತ ಬಿದ್ದೆವು. ಕೆಳಗೆ ನಾವು ನಿಂತಿದ್ದ ಮರಳು ಇರಲಿಲ್ಲ, ಬರೀ ನೀರು. ಬಿಸಿಲಿಗೆ ಹಸಿರು, ನೀಲಿ, ಮತ್ತೆ ಹಸಿರು. ಎಷ್ಟು ಚೆಂದವಿತ್ತೆಂದರೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ. ಅತ್ತಿಗೆ ಮೊದಲ ಸಲ ಅಂಚಿನ ಕಡೆ ನೋಡಿದರು, ಮಲಗಿಕೊಂಡೇ.

"ಬೋರ್ಡ್ ಓದಿದ್ಯಾ?" ಎಂದರು.

"ಓದಿದ್ದೆ."

"ಮತ್ತೆ ಹೇಳ್ಲಿಲ್ಲ ಯಾಕೆ, ಕತ್ತೆ?"

ಕತ್ತೆ! ವರ್ಷದ ಮೇಲೆ ಕೇಳಿದ್ದು. ಕಿವಿ ತಂಪಾಯಿತು.

ಮೇಲಿನ ರಸ್ತೆ ಹಿಡಿದು ಮೂರನೇ ಬೀಚಿಗೆ ಇಳಿದೆವು. ಅಲ್ಲಿಂದ ಬಂದರಿನವರೆಗೆ ದಾರಿ ಸಮತಟ್ಟು. ಬೋಟುಗಳ ಬಣ್ಣ ದೂರದಿಂದಲೇ ಕಾಣುತ್ತಿತ್ತು. ಪರದೆ ಯಾವ ಬಣ್ಣದ್ದು ತರಬೇಕು ಎಂದು ಅಲ್ಲಿಯವರೆಗೂ ವಾದ. ಅಣ್ಣ ಕಾರಿಗೆ ಒರಗಿ ನಿಂತಿದ್ದ. ಇಬ್ಬರ ಅವತಾರ ನೋಡಿ, "ಏನಾಯ್ತು?" ಎಂದ.

"ಏನಿಲ್ಲ," ಅತ್ತಿಗೆ ಹೇಳಿದರು, "ಜಗಳ ಆಡಿದ್ವಿ."

ಅಣ್ಣ ನನ್ನನ್ನು ನೋಡಿದ. ನನ್ನ ಬೆನ್ನು ತಟ್ಟಿದ.

ಮಾರ್ಚ್ ೨೪, ಸೋಮವಾರ. ಆಸ್ಪತ್ರೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನನಗೇ ಓದುವುದಕ್ಕಾಗುತ್ತಿಲ್ಲ.

ಅಂಗೈ ಗಾಯ ಕೀವಾಯಿತು. ಮಂಗಳವಾರ ಚಳಿಜ್ವರ. ಫೋನ್ ಮಾಡಿದ ಕೂಡಲೇ ಅಡ್ಮಿಟ್ ಆಗಿ ಎಂದರು. ಕಿಡ್ನಿಗೂ ಪೆಟ್ಟಾಗಿರಬಹುದು ಎಂಬ ಅನುಮಾನ. ಅತ್ತಿಗೆ ಹಗಲೆಲ್ಲ ಕುರ್ಚಿಯಲ್ಲಿ ಕೂತಿರುತ್ತಾರೆ. ನಿನ್ನೆ ನರ್ಸ್ ಇಲ್ಲದಾಗ ಒಂದೇ ಮಾತು ಹೇಳಿದರು, "ನಾನೇ ಕೊಟ್ಟೆ, ನಾನೇ ಹಾಳು ಮಾಡಿದೆ."

"ನೀವಲ್ಲ, ಕಲ್ಲು" ಎಂದೆ. ಕೇಳಿಸಲಿಲ್ಲವೇನೋ.

ಇವತ್ತು ರಿಪೋರ್ಟ್ ಬಂತು. ಜ್ವರ ಇಳಿದಿದೆ. ಕಿಡ್ನಿಗೆ ಏನೂ ಆಗಿಲ್ಲ. ಡಾಕ್ಟರಮ್ಮ, "ಗಟ್ಟಿ ಮಾಲು" ಎಂದು ಅತ್ತಿಗೆಯ ಭುಜ ಒತ್ತಿದರು. ಅತ್ತಿಗೆ ಕಾರಿಡಾರಿಗೆ ಹೋದರು. ತುಂಬಾ ಹೊತ್ತು ಬರಲಿಲ್ಲ.

ಕಿಟಕಿಯಿಂದ ಲೈಟ್‌ಹೌಸ್ ಕಾಣುತ್ತದೆ. ಹೌದು, ಎಲ್ಲಕ್ಕಿಂತ ಎತ್ತರದಲ್ಲಿದೆ.

ಮಾರ್ಚ್ ೨೭, ಗುರುವಾರ

ಮನೆ. ಮಹಡಿಯ ನನ್ನ ಕೋಣೆ, ನನ್ನ ಹಾಸಿಗೆ. ಇದಕ್ಕಿಂತ ಏನು ಬೇಕು. ಯಜಮಾನರು ಹಣ್ಣಿನ ಬುಟ್ಟಿ ಕಳಿಸಿದ್ದಾರೆ. ಮೆಷಿನ್ ರಿಪೇರಿಯಾಗಿದೆಯಂತೆ.

ಅತ್ತಿಗೆ ಮಾತ್ರ ಸರಿಯಿಲ್ಲ. ಬಾಗಿಲು ತಟ್ಟಿ ಒಳಗೆ ಬರುತ್ತಾರೆ. ನಮ್ಮ ಮನೆಯಲ್ಲಿ ಬಾಗಿಲು ತಟ್ಟಿದವರು ಯಾರು? ದಿಂಬು ಎತ್ತರ ಸಾಕಾ, ಫ್ಯಾನ್ ಬೇಕಾ. ಏನು ಕೇಳಿದರೂ "ನಿನಗೆ ಹೇಗೆ ಬೇಕೋ ಹಾಗೆ" ಎನ್ನುತ್ತಾರೆ.

ಈ ಮಾತು ಹೇಳುವುದು ಎಷ್ಟು ಸುಲಭ. ಕೇಳುವುದು ಎಷ್ಟು ಕಷ್ಟ ಎಂದು ಈಗ ಗೊತ್ತಾಯಿತು. ವರ್ಷವಿಡೀ ಹೇಗೆ ಸಹಿಸಿದರೋ.

ಮಾರ್ಚ್ ೩೦, ಭಾನುವಾರ. ಮಧ್ಯಾಹ್ನ

ಊಟಕ್ಕೆ ಕೆಳಗಿಳಿದೆ. ಮೂರರಲ್ಲಿ ಯಾವ ಬೀಚು ಚೆನ್ನಾಗಿತ್ತು ಎಂದು ಅಣ್ಣ ಕೇಳಿದ.

"ಮೊದಲನೇದು" ಎಂದೆ.

"ಹೌದು, ಮೊದಲನೇದೇ" ಎಂದರು ಅತ್ತಿಗೆ, ತಟ್ಟೆ ನೋಡುತ್ತ. ಅವರಿಗೆ ಇಷ್ಟವಾಗಿದ್ದು ಎರಡನೆಯದು. ಮೇಲೆ ಹುಲ್ಲಿನಲ್ಲಿ ಮಲಗಿದಾಗ ಅವರೇ ಹೇಳಿದ್ದರು.

ಸುಮ್ಮನಿದ್ದರೆ ಕೆಟ್ಟೆ ಅನ್ನಿಸಿತು.

"ಅಣ್ಣ, ನಿನಗೆ ಗೊತ್ತಾ? ಬಂಡೆ ಹತ್ತುವಾಗ ಅತ್ತಿಗೆ ಗೋಳೋ ಅಂತ ಅತ್ರು. ನಿನ್ನ ಹೆಸರು ಹಿಡಿದು ಕೂಗಿದ್ರು."

ಚಮಚ ಟಣ್ಣನೆ ತಟ್ಟೆಗೆ ಬಿತ್ತು. "ನಾನಾ? ಅತ್ತಿದ್ದು ನಾನಾ?"

"ಹಲ್ಲಿ ಥರ ಅಂಟ್ಕೊಂಡಿದ್ರು. ಪಾಪ, ನಾನು ಬೆನ್ನ ಮೇಲೆ ಹೊತ್ಕೊಂಡು ಹೋಗ್ಬೇಕಾಯ್ತು."

"ಬೆನ್ನ ಮೇಲಾ? ನೀನು? ಕಡ್ಡಿ ಪೈಲ್ವಾನ್! ಆಸ್ಪತ್ರೆಯಿಂದ ಬಂದಿದ್ದೀಯ ಅಂತ ಸುಮ್ನಿದ್ರೆ..." ಎದ್ದು ನಿಂತರು. ಕೈ ಸೊಂಟಕ್ಕೆ ಹೋಯಿತು. ಅಣ್ಣ ಮೆಲ್ಲನೆ ತನ್ನ ತಟ್ಟೆಯನ್ನು ದೂರ ಎಳೆದುಕೊಂಡ. ಅವನ ಕಣ್ಣಂಚಿನಲ್ಲಿ ನಗುವಿತ್ತು. ನಾನು ಮಾತ್ರೆ ನುಂಗಿ, ನೀರು ಕುಡಿದು, ಮೇಲಕ್ಕೆ ಓಡಿ ಬಂದೆ.

ಈಗ ಇದನ್ನು ಬರೆಯುತ್ತಿರುವಾಗ ಕೆಳಗಿನಿಂದ ಎಲ್ಲ ಕೇಳಿಸುತ್ತಿದೆ. ಅತ್ತಿಗೆ ಅಣ್ಣನಿಗೆ ತಮ್ಮ ಕಥೆ ಹೇಳುತ್ತಿದ್ದಾರೆ, ನನಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ. ಅಲೆ ನೋಡಿ ನಾನು ಗಡಗಡ ನಡುಗಿದೆನಂತೆ. ಕೊರಕಲು ಕಂಡುಹಿಡಿದಿದ್ದು ಅವರಂತೆ. ನನ್ನ ಕೈಹಿಡಿದು, ಮಗುವನ್ನು ಹತ್ತಿಸಿದ ಹಾಗೆ ಮೇಲಕ್ಕೆ—

ಸುಳ್ಳು. ಹಸಿ ಹಸಿ ಸುಳ್ಳು. ಇದನ್ನು ಹೀಗೇ ಬಿಟ್ಟರೆ ಊರಿಗೆಲ್ಲ ಇದೇ ಕಥೆಯಾಗುತ್ತದೆ. ಈಗಲೇ ಕೆಳಗೆ ಹೋಗಿ—