ಗ್ಲಾಸ್ಗೋ ಇಂಜಿನ್ನುಗಳ ಚರಿತ್ರೆ

೧೦ ಅಕ್ಟೋಬರ್ ೧೯೫೧, ಬುಧವಾರ. ಬಳ್ಳಾರಿ.

ಸಾಕಾಗಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದ ಆರು ಪ್ಯಾಸೆಂಜರ್ ಇಂಜಿನ್ನುಗಳ ಚರಿತ್ರೆ ಬರೆದು ಮುಗಿಸಲು ಒಂಬತ್ತು ದಿನ ಹಿಡಿಯಿತು. ಐದು ಆಗಲೇ ಗುಜರಿಗೆ ಹೋಗಿವೆ, ಕೊನೆಯದು ನಾಳೆ ಹೋಗುತ್ತದೆ. ಯಾವ ವರ್ಷ ಬಂದವು, ಬಾಯ್ಲರ್ ಯಾವಾಗ ಬದಲಾಯಿತು, ಎಷ್ಟು ಮೈಲಿ ಓಡಿದವು, ಎಲ್ಲ ಸುಲಭವಾಗಿ ಸಿಕ್ಕಿತು. ರೈಲ್ವೆ ಶೆಡ್ಡಿನ ರಿಜಿಸ್ಟರಿನ ೧೯೪೩ರ ಪುಟದಲ್ಲಿ ಮಾತ್ರ ಗುಮಾಸ್ತನಾದ ನನ್ನದೇ ಅಕ್ಷರ ಎದುರಾಯಿತು: "ಡ್ರೈವರ್ ಮಾರೆಣ್ಣನ ಅಜಾಗರೂಕತೆಯಿಂದ ಬಾಯ್ಲರ್ ಕೊಳವೆ ಒಡೆಯಿತು."

ಅದು ಸುಳ್ಳು. ಕೊಳವೆ ಸೋರುತ್ತಿದೆಯೆಂದು ಮಾರೆಣ್ಣ ಎರಡು ಸಲ ದೂರು ಕೊಟ್ಟಿದ್ದ. ಅಂದಿನ ಸಾಹೇಬರು ಹೇಳಿದರು, ನಾನು ಬರೆದೆ. ಬಲಗೈ ಬೆಂದರೂ ಗಾಡಿ ನಿಲ್ಲಿಸಿ ಜನರನ್ನು ಉಳಿಸಿದವನು ಅಂದಿನಿಂದ ಡ್ರೈವರ್ ಕೆಲಸ ಕಳೆದುಕೊಂಡು ಶೆಡ್ಡಿನಲ್ಲಿ ಇಂಜಿನ್ನುಗಳ ಬೂದಿ ಎತ್ತುತ್ತಿದ್ದಾನೆ.

ಇವತ್ತು ಮಧ್ಯಾಹ್ನ ಅವನೇ ನನ್ನ ಕೋಣೆಯ ಬಾಗಿಲಿಗೆ ಬಂದ. "ರಾಯರ, ಇಂಜಿನ್ ಚರಿತ್ರಿ ಬರ್ಯಾಕತ್ತೀರಂತ. ಅದರಾಗ ನಂದೇನಾರ ಐತೇನ್ರಿ?"

"ಅದ, ಮಾರೆಣ್ಣ. ಕೂಡು," ಎಂದೆ.

ಬೆಳಿಗ್ಗೆ ಬರೆದದ್ದನ್ನು ಓದಿ ಹೇಳಿದೆ. ಅವನ ದೂರಿನ ಎರಡು ತಾರೀಖು, ಬೆಂದ ಕೈ, ಹಳೆಯ ಟಿಪ್ಪಣಿ ಸುಳ್ಳೆಂಬುದು, ಅದನ್ನು ಬರೆದವನು ನಾನೆಂಬುದು, ಕೆಳಗೆ ನನ್ನ ಸಹಿ. ಓದುವಾಗ ಅವನ ಮುಖ ನೋಡಲಾಗಲಿಲ್ಲ. ಬೈಯುತ್ತಾನೆ ಎಂದುಕೊಂಡೆ. ಅವನು, "ಇನ್ನೊಂದ್ಸಲ ಓದ್ರಿ," ಎಂದ.

ಓದಿದೆ.

ಈಗಿನ ಸಾಹೇಬರು ನಾಳೆ ಆ ಸಾಲುಗಳನ್ನು ಹೊಡೆದುಹಾಕಬಹುದು. ಹಾಕಲಿ. ಮಾರೆಣ್ಣ ಎರಡು ಸಲ ಕೇಳಿಸಿಕೊಂಡು ಹೋಗಿದ್ದಾನೆ. ಎಂಟು ವರ್ಷ ದಿನಾ ಅವನನ್ನು ನೋಡುತ್ತಲೇ ಇದ್ದ ನನಗೆ ಮಾತ್ರ ಯಾಕೋ ಇನ್ನೂ ಅವನ ಮುಖ ನೋಡುವ ಧೈರ್ಯ ಬಂದಿಲ್ಲ.