ಜರಿ ಪೇಟಾ ಮತ್ತು ನಿನ್ನ ರುಮಾಲು

ಯಪ್ಪಾ,

ಇವತ್ತು ಕಾರಿನಲ್ಲಿ ಬಂದ ಪ್ರವಾಸಿಗರಿಗೆ ರಾಣೆಬೆನ್ನೂರಿನ ಕೃಷ್ಣಮೃಗ ತೋರಿಸಲು ಹೋಗಿದ್ದೆ. ಗೈಡ್ ಆದವನು ರಾಜರ ಹಾಗೆ ಜರಿ ಪೇಟಾ ಸುತ್ತಲೇಬೇಕು ಎಂಬುದು ನಮ್ಮ ಕಂಪನಿಯ ಕಟ್ಟಳೆ. ಅದರ ಮಿಂಚಿಗೆ ಹಿಂಡೆಲ್ಲ ಬೆದರಿ ಓಡಿತು. "ಮೊದಲು ಆ ಪೇಟಾ ತೆಗೀರಿ!" ಎಂದು ಪ್ರವಾಸಿಗರೇ ಕೂಗಿದರು. ತೆಗೆದೆ.

ಸಂಜೆ ಗಳಗನಾಥದ ಗುಡಿಯ ಮುಂದೆ ಮ್ಯಾನೇಜರ್ ಚೇತನಕುಮಾರ ಅಡ್ಡ ನಿಂತ. "ರಾಜರ ಕಥಿ ಹೇಳಾಂವ ಬರೇ ತಲೀಲೆ ನಿಂತ್ರ ಹೆಂಗೋ? ಸುತ್ಕೋ, ಇಲ್ಲಾ ಮನೀಗೆ ನಡಿ."

"ಈ ಗುಡಿಗೆ ಕಲ್ಲು ಹೊತ್ತವರ ಕಥಿ ಹೇಳಾಕ ಪೇಟಾ ಯಾಕ ಬೇಕ್ರಿ?" ಎಂದು ಅದನ್ನು ಅವನ ಕೈಗಿಟ್ಟೆ.

ಕೆಲಸ ಹೋಯಿತು. ಹೋಗಲಿ!

ಊರವರೆಲ್ಲ ರುಮಾಲು ತೆಗೆದು ನಿಲ್ಲುತ್ತಿದ್ದ ಗೌಡರ ಕಟ್ಟೆಯ ಮುಂದೆ ನೀನು ತೆಗೆಯದೆ ನಿಂತ ದಿನ, "ತಗದ್ರ ನಿಂದೇನ ಗಂಟ ಹೋಗತೈತಿ?" ಎಂದಿದ್ದವನು ನಾನೇ. ನೀನು ಸಾಯುವವರೆಗೂ ಆ ಮಾತೆತ್ತಲಿಲ್ಲ.

ನಾಳೆ ನೀನು ಬಿಟ್ಟುಹೋದ ಅದೇ ರುಮಾಲು ಸುತ್ತಿಕೊಂಡು, ಕಲ್ಲು ಹೊತ್ತವರ ಕಥೆ ಹೇಳಲು ಗುಡಿಯ ಮುಂದೆ ನಿಲ್ಲುತ್ತೇನೆ. ತೆಗೆಸುವವರು ಬರಲಿ.